ಚೀನಾದ ಹೈಸ್ಕೂಲ್ ಮಕ್ಕಳ ಪ್ರಾಂತ್ಯ ಮಟ್ಟದ ಸ್ಪರ್ಧೆಗಳು: ಆರು ಜನ ಗೆಲ್ಲುತ್ತಾರೆ, ಉಳಿದವರಿಗೆ ಏನು ಸಿಗುತ್ತೆ?

ದಾವಣಗೆರೆ_ಗಣಿತ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಪಿಯು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವನು. ಜುಲೈ ಬಂತು ಅಂದರೆ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ಫಲಿತಾಂಶ ನೋಡುವುದು ರೂಢಿ. 2022ರಲ್ಲಿ ಆಸ್ಲೋದಲ್ಲಿ ಚೀನಾದ ಆರೂ ಮಕ್ಕಳು 42ಕ್ಕೆ 42 ತೆಗೆದರು. 2023ರಲ್ಲಿ ಮತ್ತೆ ಅವರೇ ಮೊದಲು. 2024ರಲ್ಲಿ ಅಮೆರಿಕ ಮೊದಲು, ಚೀನಾ ಎರಡನೇದು, ನಮ್ಮ ಮಕ್ಕಳು ನಾಲ್ಕನೇ ಸ್ಥಾನ. 2025ರಲ್ಲಿ ಆಸ್ಟ್ರೇಲಿಯಾದಲ್ಲಿ ಪುನಃ ಚೀನಾ ಮೊದಲು.

ಆ ಆರು ಜನರ ಫೋಟೋ ಎಲ್ಲ ಕಡೆ ಬರುತ್ತೆ. ನನ್ನ ಪ್ರಶ್ನೆ ಅವರ ಬಗ್ಗೆ ಅಲ್ಲ. ಅವರ ಜೊತೆಗೇ ಪ್ರಾಂತ್ಯ ಮಟ್ಟದಲ್ಲಿ ಬರೆದು, ಒಳ್ಳೇ ಅಂಕ ತೆಗೆದು, ಮುಂದಿನ ಹಂತಕ್ಕೆ ಹೋಗದೆ ಅಲ್ಲೇ ನಿಂತುಬಿಡುವ ಸಾವಿರಾರು ಮಕ್ಕಳ ಬಗ್ಗೆ. ಗಾವೊಕಾವೊ (ಚೀನಾದ ಕಾಲೇಜು ಪ್ರವೇಶ ಪರೀಕ್ಷೆ) ಅಂಥ ಪರೀಕ್ಷೆ ಎದುರಿಗಿರುವಾಗ ಇನ್ನೊಂದು ಸ್ಪರ್ಧೆಗೆ ಎರಡು ವರ್ಷ ಸುರಿಯುವುದು ಯಾಕೆ? ಗೊತ್ತಿದ್ದವರು ಹೇಳಿ.

ಬಸವನಗುಡಿ_ಬಾಲು

ಅಪ್ಪ ಅಮ್ಮನ ಒತ್ತಡ ಸರ್. ಬೇರೆ ಏನಿಲ್ಲ.

ಸೂಜೌ_ಕನ್ನಡಿಗ

ಬಾಲು ಅವರೇ, ಅಷ್ಟು ಸುಲಭಕ್ಕೆ ಮುಗಿಸಬೇಡಿ. ನಾನು ಕೆಲಸದ ಮೇಲೆ ಜಿಯಾಂಗ್ಸು ಪ್ರಾಂತ್ಯದ ಸೂಜೌನಲ್ಲಿದ್ದೇನೆ. ಪಕ್ಕದ ಮನೆ ಹುಡುಗ ಇದನ್ನೇ ಬರೆದವನು, ಹಾಗಾಗಿ ಹತ್ತಿರದಿಂದ ನೋಡಿದ್ದೇನೆ.

ಒಟ್ಟು ಐದು ವಿಷಯ: ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಕಂಪ್ಯೂಟರ್ ಪ್ರೋಗ್ರಾಮಿಂಗ್. ಗಣಿತದ್ದನ್ನೇ ತಗೊಳ್ಳಿ. ಸೆಪ್ಟೆಂಬರಿನ ಒಂದು ಭಾನುವಾರ ದೇಶದ ತುಂಬ ಹೈಸ್ಕೂಲ್ ಗಣಿತ ಲೀಗ್ ನಡೆಯುತ್ತೆ. ಬಹುಮಾನ ಕೊಡುವುದು ಪ್ರಾಂತ್ಯವಾರು. ಬೆಳಿಗ್ಗೆ 8ಕ್ಕೆ ಮೊದಲ ಪತ್ರಿಕೆ, 80 ನಿಮಿಷ, 120 ಅಂಕ. ಅದರಲ್ಲಿ ಎಂಟು ಪ್ರಶ್ನೆಗೆ ಬರೀ ಉತ್ತರ ಬರೆಯಬೇಕು, ತಲಾ 8 ಅಂಕ. ದಾರಿ ಪೂರ್ತಿ ಸರಿಯಿದ್ದು ಕೊನೆಯ ಸಂಖ್ಯೆ ತಪ್ಪಾದರೆ ಎಂಟೂ ಹೋಯ್ತು. ಆಮೇಲೆ ಮೂರು ದೊಡ್ಡ ಲೆಕ್ಕ. 9.20ಕ್ಕೆ ಪತ್ರಿಕೆ ವಾಪಸ್. ಇಪ್ಪತ್ತು ನಿಮಿಷ ಬಿಡುವು. 9.40ಕ್ಕೆ ಎರಡನೇ ಪತ್ರಿಕೆ ಶುರು, ನಾಲ್ಕೇ ಪ್ರಶ್ನೆ, 170 ನಿಮಿಷ, 180 ಅಂಕ. ರೇಖಾಗಣಿತ, ಬೀಜಗಣಿತ, ಸಂಖ್ಯಾ ಸಿದ್ಧಾಂತ, ಕಾಂಬಿನೇಟೋರಿಕ್ಸ್. ಮಧ್ಯಾಹ್ನ 12.30ಕ್ಕೆ ಎಲ್ಲಾ ಮುಗಿದಿರುತ್ತೆ. ಎರಡು ವರ್ಷದ ತಯಾರಿಗೆ ಒಂದೇ ಒಂದು ಬೆಳಿಗ್ಗೆ.

ಅದರಲ್ಲಿ ಮೇಲಿನವರು ಪ್ರಾಂತ್ಯದ ತಂಡ ಸೇರಿ ನವೆಂಬರಿನ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. ಅಲ್ಲಿಂದ 60 ಜನ ತರಬೇತಿ ತಂಡಕ್ಕೆ. ಆ 60ರಲ್ಲಿ ಆರು ಜನ ದೇಶದ ತಂಡಕ್ಕೆ.

ಪಕ್ಕದ ಮನೆ ಹುಡುಗ ಸ್ಪರ್ಧೆಗೆ ಮುಂಚೆ ತಿಂಗಳುಗಟ್ಟಲೆ ಮಾಮೂಲಿ ಕ್ಲಾಸಿಗೆ ಕೂರಲೇ ಇಲ್ಲ. ಶಾಲೆಯಲ್ಲೇ ಸ್ಪರ್ಧೆಯ ಮಕ್ಕಳಿಗೆ ಬೇರೆ ಕೋಣೆ. ಅವನ ಬ್ಯಾಗಿನಲ್ಲಿ ನೀಲಿ ರಟ್ಟಿನ ಸಣ್ಣ ಸಣ್ಣ ಪುಸ್ತಕಗಳು, ಒಂದೊಂದು ವಿಷಯಕ್ಕೆ ಒಂದೊಂದು, ಅಂಚೆಲ್ಲಾ ಮಡಚಿ ಸವೆದು ಹೋಗಿದ್ದವು. ಲಿಫ್ಟಿನಲ್ಲಿ ಸಿಕ್ಕಾಗ ಅವನು ತಾನಾಗೇ ಒಂದು ವೃತ್ತದ ಲೆಕ್ಕ ಹೇಳಿ, ಹೊಸ ಮೊಬೈಲ್ ತೋರಿಸಿದಷ್ಟು ಖುಷಿಯಿಂದ ವಿವರಿಸುತ್ತಿದ್ದ. ಅದು ಒತ್ತಡದಿಂದ ಬರುವ ಮುಖ ಅಲ್ಲ. ಅವನಿಗೆ ಪ್ರಾಂತ್ಯದ ಎರಡನೇ ಬಹುಮಾನ ಬಂತು, ತಂಡಕ್ಕೆ ಆಯ್ಕೆ ಆಗಲಿಲ್ಲ. ಅದಾದ ಮೇಲೆ ಗಾವೊಕಾವೊಗೆ ಉಳಿದದ್ದು ಒಂಬತ್ತು ತಿಂಗಳು. ಚೈನೀಸ್, ಇಂಗ್ಲಿಷ್ ಎರಡರಲ್ಲೂ ಹಿಂದೆ ಬಿದ್ದಿದ್ದ. ಆ ಚಳಿಗಾಲ ಆ ಮನೆಯಲ್ಲಿ ನಗು ಕಡಿಮೆ ಇತ್ತು, ಅದನ್ನೂ ಹೇಳಲೇಬೇಕು.

ಕೋಲಾರದ_ಚಿನ್ನ

ಪ್ರಾಂತ್ಯದ ಮೊದಲ ಬಹುಮಾನ ಬಂದರೆ ಪೀಕಿಂಗ್ ಯೂನಿವರ್ಸಿಟಿ, ಚಿಂಗ್‌ಹುವಾದಲ್ಲಿ ನೇರ ಸೀಟು ಅಲ್ವಾ? ಅದಕ್ಕೇ ಇಷ್ಟು ಗುದ್ದಾಟ.

ಸೂಜೌ_ಕನ್ನಡಿಗ

ಅದು ಹಳೇ ಕಥೆ. ಹಿಂದೆ ಪ್ರಾಂತ್ಯದ ಮೊದಲ ಬಹುಮಾನ ಪಡೆದವರಿಗೆ ಗಾವೊಕಾವೊ ಇಲ್ಲದೆ ಪ್ರವೇಶ ಸಿಗುವ ಅವಕಾಶ ಇತ್ತು. 2011ರಲ್ಲಿ ಹೈಸ್ಕೂಲ್ ಸೇರಿದ ಬ್ಯಾಚಿನಿಂದ ಅದನ್ನು ತೆಗೆದರು. ಗಾವೊಕಾವೊದಲ್ಲಿ ಹೆಚ್ಚುವರಿ ಅಂಕ ಕೊಡುತ್ತಿದ್ದರು, 2015ರಲ್ಲಿ ಅದೂ ನಿಂತಿತು. ಸ್ಪರ್ಧೆಯ ಸರ್ಟಿಫಿಕೇಟ್ ತೋರಿಸಿ ವಿಶ್ವವಿದ್ಯಾಲಯಗಳು ಸ್ವಂತವಾಗಿ ಆರಿಸಿಕೊಳ್ಳುವ ಪದ್ಧತಿ 2003ರಿಂದ ಇತ್ತು. 2020ರಲ್ಲಿ ಅದರ ಜಾಗಕ್ಕೆ ‘ಗಟ್ಟಿ ಅಡಿಪಾಯ’ ಯೋಜನೆ ಬಂತು. ಶುರುವಿಗೆ 36 ವಿಶ್ವವಿದ್ಯಾಲಯ. ಅದರಲ್ಲಿ ಗಾವೊಕಾವೊ ಅಂಕಕ್ಕೆ ಕನಿಷ್ಠ ಶೇ 85 ತೂಕ. ಸ್ಪರ್ಧೆಯಿಂದ ವಿಶೇಷ ರಿಯಾಯಿತಿ ಬೇಕು ಅಂದರೆ ರಾಷ್ಟ್ರೀಯ ಅಂತಿಮ ಸುತ್ತಿನಲ್ಲಿ ಎರಡನೇ ಬಹುಮಾನವಾದರೂ ಬೇಕು.

ನೇರ ಸೀಟು ಈಗ ತರಬೇತಿ ತಂಡದವರಿಗೆ ಮಾತ್ರ. ಐದೂ ವಿಷಯ ಸೇರಿ ವರ್ಷಕ್ಕೆ ಸುಮಾರು 260 ಮಕ್ಕಳು. 2024ರಲ್ಲಿ ಗಾವೊಕಾವೊಗೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ದಾವಣಗೆರೆ_ಗಣಿತ

ಅಂದರೆ ಪ್ರಾಂತ್ಯದ ಬಹುಮಾನಕ್ಕೆ ಸರ್ಕಾರದ ಲೆಕ್ಕದಲ್ಲಿ ಬೆಲೆ ಇಳಿದಿದೆ. ಆದರೂ ಮಕ್ಕಳು ಬರುತ್ತಲೇ ಇದ್ದಾರೆ. ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತು ನೋಡಿ.

ಕೋಡ್_ಹುಡುಗ

ಸರ್, ನಾನು ಮೈಸೂರು, ಇಂಜಿನಿಯರಿಂಗ್ ಎರಡನೇ ವರ್ಷ. ಪ್ರೋಗ್ರಾಮಿಂಗ್ ಕಡೆಯಿಂದ ಹೇಳುತ್ತೇನೆ.

ಅಲ್ಲಿ ಪ್ರಾಂತ್ಯ ಮಟ್ಟದ ಸ್ಪರ್ಧೆಗೆ ಎನ್‌ಒಐಪಿ ಅಂತಾರೆ. ನಾಲ್ಕು ಪ್ರಶ್ನೆ, ತಲಾ 100, ನಾಲ್ಕೂವರೆ ಗಂಟೆ. ಭಾಷೆ ಈಗ ಸಿ ಪ್ಲಸ್ ಪ್ಲಸ್ ಮಾತ್ರ. ನಾವು ಕೋಡ್‌ಫೋರ್ಸಸ್ ಅನ್ನುವ ಆನ್‌ಲೈನ್ ಸ್ಪರ್ಧಾ ತಾಣದಲ್ಲಿ ಬರೆದರೆ ಸರಿಯೋ ತಪ್ಪೋ ಆಗಲೇ ಗೊತ್ತಾಗುತ್ತೆ. ಅಲ್ಲಿ ಹಾಗಿಲ್ಲ. ಕೋಡ್ ಫೈಲ್ ಇಟ್ಟು ಎದ್ದು ಬರಬೇಕು. ಆಮೇಲೆ ಎಲ್ಲರದ್ದೂ ಒಟ್ಟಿಗೆ ಓಡಿಸಿ ಅಂಕ ಕೊಡುತ್ತಾರೆ. ಇನ್‌ಪುಟ್ ಓದುವುದು ಫೈಲಿನಿಂದ, ಔಟ್‌ಪುಟ್ ಬರೆಯುವುದೂ ಫೈಲಿಗೆ. ಕೋಡ್ ಪರೀಕ್ಷೆ ಮಾಡಿಕೊಳ್ಳಲು ಫೈಲ್ ತೆರೆಯುವ ಆ ಒಂದು ಸಾಲನ್ನು ತಾತ್ಕಾಲಿಕವಾಗಿ ಆಫ್ ಮಾಡಿ, ಮತ್ತೆ ಆನ್ ಮಾಡಲು ಮರೆತರೆ ಆ ಪ್ರಶ್ನೆಗೆ ಸೊನ್ನೆ. ಫೈಲ್ ಹೆಸರಿನಲ್ಲಿ ಒಂದು ಅಕ್ಷರ ಆಚೀಚೆ ಆದರೂ ಸೊನ್ನೆ. ಅಲ್ಲಿನ ಮಕ್ಕಳು ಕೊನೆಯ ಹತ್ತು ನಿಮಿಷ ಹೊಸ ಕೋಡ್ ಬರೆಯದೆ ಬರೀ ಇದನ್ನೇ ನೋಡಬೇಕು ಅಂತ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ.

ಯಾಕೆ ಬರೆಯುತ್ತಾರೆ ಅಂತ ಕೇಳಿದಿರಿ. ನಾವು ಇಲ್ಲಿ ಪ್ರೋಗ್ರಾಮಿಂಗ್‌ನಲ್ಲಿ ‘ಮೋಸ್ ಅಲ್ಗಾರಿದಂ’ (ಮೊ ಅವರ ವಿಧಾನ) ಅಂತ ಕಲಿಯುತ್ತೇವಲ್ಲ, ಅದು ಮೊ ತಾವೊ ಅನ್ನುವ ಚೀನಾದ ತರಬೇತಿ ತಂಡದ ಹುಡುಗನ ಹೆಸರು. ‘ಸಿಡಿಕ್ಯೂ’ ಅನ್ನುವ ವಿಧಾನ ಚೆನ್ ಡಾಂಚಿ ಅವರ ಹೆಸರಿನ ಮೊದಲಕ್ಷರಗಳು. ಅವರು ಹುನಾನಿನ ಚಾಂಗ್ಶಾದಲ್ಲಿ ಓದಿದವರು, 2008ರಲ್ಲಿ ಅಂತರರಾಷ್ಟ್ರೀಯ ಚಿನ್ನ ಗೆದ್ದರು, ಈಗ ಪ್ರಿನ್ಸ್‌ಟನ್‌ನಲ್ಲಿ ಪ್ರೊಫೆಸರ್. ತರಬೇತಿ ತಂಡದ ಮಕ್ಕಳು ಸ್ವಂತ ಪ್ರಬಂಧ ಬರೆಯಬೇಕು ಅನ್ನುವ ಪದ್ಧತಿ ಇದೆ. ಹದಿನೇಳು ವರ್ಷದವರು ಬರೆದದ್ದನ್ನು ಪ್ರಪಂಚದ ಕಾಂಪಿಟಿಟಿವ್ ಪ್ರೋಗ್ರಾಮರುಗಳು ಓದುತ್ತಾರೆ. ಇದಕ್ಕಿಂತ ದೊಡ್ಡ ಕಾರಣ ಬೇಕಾ? ಆ ವಯಸ್ಸಿನಲ್ಲಿ ನನಗೆ ಸಿಕ್ಕಿದ್ದು ಸಿಇಟಿ ಗೈಡ್ ಮಾತ್ರ.

ಬಸವನಗುಡಿ_ಬಾಲು

ತಮ್ಮಾ, ಅವೆರಡೂ ಗೆದ್ದವರ ಹೆಸರೇ. ಸರ್ ಕೇಳಿದ್ದು ನಿಂತುಹೋದವರ ಬಗ್ಗೆ.

ಕೋಡ್_ಹುಡುಗ

ಅಣ್ಣಾ, ನಿಂತುಹೋದವರೂ ಆ ಪ್ರಬಂಧಗಳನ್ನು ಓದಿ ಕಲಿತಿರುತ್ತಾರೆ. ಲುವೊಗು ಅನ್ನುವ ಅವರ ಪ್ರಾಕ್ಟೀಸ್ ತಾಣ ಒಮ್ಮೆ ತೆರೆದು ನೋಡಿ. ಒಂದೊಂದು ಪ್ರಶ್ನೆಗೂ ಸಾಲು ಸಾಲು ವಿವರಣೆ. ಬರೆದವರಲ್ಲಿ ಹೈಸ್ಕೂಲ್ ಮಕ್ಕಳೇ ಜಾಸ್ತಿ, ಅವರೆಲ್ಲರೂ ಚಿನ್ನದ ಪದಕದವರೇನಲ್ಲ.

ಶಾರದಾ_ಮೇಡಂ

ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಚೀನಾ 2002ರಲ್ಲೇ ಹುಡುಗಿಯರಿಗೆ ಅಂತ ಬೇರೆ ಗಣಿತ ಒಲಿಂಪಿಯಾಡ್ ಶುರು ಮಾಡಿತು, ಮೊದಲನೆಯದು ಝುಹಾಯ್‌ನಲ್ಲಿ. ಯುರೋಪಿನ ಹುಡುಗಿಯರ ಒಲಿಂಪಿಯಾಡ್ ಶುರುವಾಗಿದ್ದು 2012ರಲ್ಲಿ. ಹತ್ತು ವರ್ಷ ಮುಂಚೆ! 2007ರಿಂದ ಅಮೆರಿಕದ ಹುಡುಗಿಯರೂ ಚೀನಾಕ್ಕೆ ಹೋಗಿ ಬರೆದಿದ್ದಾರೆ. ಅಲ್ಲಿ ಗಣಿತದ ಜೊತೆಗೆ ತಂಡಗಳಿಗೆ ಏರೋಬಿಕ್ಸ್ ಸ್ಪರ್ಧೆಯೂ ಇರುತ್ತಿತ್ತು. ನಾನು ಹೈಸ್ಕೂಲ್ ಟೀಚರ್. ನಮ್ಮ ಕಡೆ ಹುಡುಗಿ ಎಂಟನೇ ಕ್ಲಾಸಿನವರೆಗೆ ಗಣಿತದಲ್ಲಿ ಮುಂದೆ ಇರುತ್ತಾಳೆ. ಆಮೇಲೆ ಮನೆಯವರು ಸ್ಪರ್ಧೆಗೆ ಬೇರೆ ಊರಿಗೆ ಕಳಿಸುವುದಿಲ್ಲ. ತಂಡವಾಗಿ ಹೋಗುತ್ತಾರೆ, ಜೊತೆಗೆ ಟೀಚರ್ ಇರುತ್ತಾರೆ ಅಂದರೆ ಅಪ್ಪ ಅಮ್ಮ ಒಪ್ಪುತ್ತಾರೆ. ಹಾಗೆ ಒಂದು ಬಾಗಿಲು ತೆರೆದರೆ ಎಷ್ಟೋ ಹುಡುಗಿಯರು ಬರುತ್ತಾರೆ.

ಕುಂದಾಪುರ_ಭಟ್ರು

ಮೇಡಂ ಹೇಳಿದ್ದು ನೂರಕ್ಕೆ ನೂರು ಸತ್ಯ ಮಾರಾಯ್ರೇ.

ಹಳೇ_ಪುಟಗಳು

ಸ್ವಲ್ಪ ಇತಿಹಾಸ ಹೇಳುತ್ತೇನೆ, ವಿಷಯಕ್ಕೆ ಹೊರಗಲ್ಲ.

ಚೀನಾದಲ್ಲಿ ಗಣಿತ ಸ್ಪರ್ಧೆ ಶುರುವಾಗಿದ್ದು 1956ರಲ್ಲಿ, ಬೀಜಿಂಗ್, ಶಾಂಘೈ, ತಿಯಾಂಜಿನ್, ವುಹಾನ್ ನಗರಗಳಲ್ಲಿ. ಅಂದರೆ ಮೊದಲಿನಿಂದಲೂ ಅದು ಸ್ಥಳೀಯ ಸ್ಪರ್ಧೆಯೇ. ಹಿಂದೆ ನಿಂತವರು ಹುವಾ ಲುವೊಗೆಂಗ್. ಜಿಯಾಂಗ್ಸುವಿನ ಜಿಂಟಾನ್‌ನಲ್ಲಿ ಅಪ್ಪನ ಸಣ್ಣ ಅಂಗಡಿಯಲ್ಲಿ ಕೂತು ಗಣಿತ ಕಲಿತವರು. ಓದಿದ್ದು ಮಿಡ್ಲ್ ಸ್ಕೂಲ್ ಮಟ್ಟ. ಟೈಫಾಯ್ಡ್ ಬಂದು ಒಂದು ಕಾಲು ಊನವಾಯಿತು. ಅಂಥವರು ದೇಶದ ದೊಡ್ಡ ಗಣಿತಜ್ಞರಾದರು. ಹಳ್ಳಿಗಾಡಿನಲ್ಲಿ ಬಚ್ಚಿಟ್ಟುಕೊಂಡಿರುವ ಬುದ್ಧಿವಂತ ಮಗು ಕಣ್ಣಿಗೆ ಬೀಳಬೇಕು ಅಂತ ಅವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಾಂಸ್ಕೃತಿಕ ಕ್ರಾಂತಿಯಲ್ಲಿ ಎಲ್ಲಾ ನಿಂತುಹೋಗಿ 1978ರಲ್ಲಿ ಮತ್ತೆ ಶುರುವಾಯಿತು. 1985ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಗೆ ಮೊದಲ ಬಾರಿ ಇಬ್ಬರನ್ನು ಕಳಿಸಿದರು, ಸಿಕ್ಕಿದ್ದು ಒಂದು ಕಂಚು. ಐದು ವರ್ಷದಲ್ಲಿ ಬೀಜಿಂಗಿನಲ್ಲೇ ಆ ಸ್ಪರ್ಧೆ ನಡೆಸಿದರು.

ಇನ್ನೂ ಹಿಂದಕ್ಕೆ ಹೋದರೆ ರಾಜರ ಕಾಲದ ಪರೀಕ್ಷೆ. ಮೂರು ವರ್ಷಕ್ಕೊಮ್ಮೆ ಶರತ್ಕಾಲದಲ್ಲಿ ಪ್ರಾಂತ್ಯದ ರಾಜಧಾನಿಯಲ್ಲಿ. ನಾನ್‌ಜಿಂಗ್‌ನ ಪರೀಕ್ಷಾ ಭವನದಲ್ಲಿ 20 ಸಾವಿರಕ್ಕೂ ಹೆಚ್ಚು ಸಣ್ಣ ಗೂಡುಗಳಿದ್ದವು, ಒಬ್ಬೊಬ್ಬರಿಗೆ ಒಂದೊಂದು. ಅಲ್ಲೇ ಬರೆಯಬೇಕು, ಅಲ್ಲೇ ಮಲಗಬೇಕು. 1905ರಲ್ಲಿ ಅದನ್ನು ರದ್ದು ಮಾಡಿದರು. ಪ್ರಾಂತ್ಯದ ಪರೀಕ್ಷೆಯಲ್ಲಿ ಗೆದ್ದವನಿಗೆ ಊರಲ್ಲಿ ಸಿಗುವ ಮರ್ಯಾದೆ ಅಲ್ಲಿ ನೂರಾರು ವರ್ಷದ್ದು. ಸೂಜೌ ಅವರ ಪಕ್ಕದ ಮನೆ ಹುಡುಗ ಸೀಟಿಗೆ ಮಾತ್ರ ಬರೆದ ಅಂತ ನನಗೆ ಅನ್ನಿಸುವುದಿಲ್ಲ.

ಕೋಲಾರದ_ಚಿನ್ನ

ರಾಜರ ಕಾಲದ ಪರೀಕ್ಷೆಗೂ ಈಗಿನ ಮಕ್ಕಳಿಗೂ ಏನು ಸಂಬಂಧ ಸ್ವಾಮಿ? ಎಲ್ಲದಕ್ಕೂ ಸಾವಿರ ವರ್ಷದ ಸಂಸ್ಕೃತಿ ಅಂದರೆ ವಿವರಣೆ ಆಗಲ್ಲ. ಹಣ, ಶಾಲೆ, ಟೀಚರ್ ಬಗ್ಗೆ ಮಾತಾಡಿ.

ಉದಾಹರಣೆಗೆ ಹುಬೇ ಪ್ರಾಂತ್ಯದ ಹ್ವಾಂಗಾಂಗ್. ದೊಡ್ಡ ಊರೇನಲ್ಲ. ಅಲ್ಲಿನ ಒಂದು ಹೈಸ್ಕೂಲ್ ಸಾಲಾಗಿ ಅಂತರರಾಷ್ಟ್ರೀಯ ಪದಕ ತಂದಿತ್ತು. ಆ ಊರಿನ ಹೆಸರು ಹಾಕಿದ ಪ್ರಶ್ನೆಪತ್ರಿಕೆ ಕಟ್ಟುಗಳು ಚೀನಾ ತುಂಬ ಮಾರಾಟವಾದವು. ಆಮೇಲೆ ಏನಾಯ್ತು? ಒಳ್ಳೇ ಮಕ್ಕಳು ವುಹಾನ್ ಶಾಲೆಗಳ ಕಡೆ ಹೋದರು. ಈಗ ಪ್ರಾಂತ್ಯದ ತಂಡ ಅಂದರೆ ದೊಡ್ಡ ನಗರದ ಬೆರಳೆಣಿಕೆ ಶಾಲೆಗಳು. ಹುನಾನ್ ಅಂದರೆ ಚಾಂಗ್ಶಾ, ಸಿಚುವಾನ್ ಅಂದರೆ ಚೆಂಗ್ಡು. ಹಳ್ಳಿ ಹುಡುಗನ ಶಾಲೆಯಲ್ಲಿ ಸ್ಪರ್ಧೆಗೆ ಹೇಳಿಕೊಡುವ ಟೀಚರೇ ಇಲ್ಲ. ಹುವಾ ಅವರ ಆಸೆ ದೊಡ್ಡದು, ನಡೆದದ್ದು ಬೇರೆ.

ಹಳೇ_ಪುಟಗಳು

ಹ್ವಾಂಗಾಂಗ್ ಬಗ್ಗೆ ಒಪ್ಪುತ್ತೇನೆ. ಆದರೆ ಮರ್ಯಾದೆ ಅನ್ನುವುದನ್ನು ಲೆಕ್ಕದಿಂದ ತೆಗೆದುಹಾಕಬೇಡಿ. ನಮ್ಮಲ್ಲೂ ರ್‍ಯಾಂಕ್ ಬಂದ ಮಗುವಿಗೆ ಊರವರು ಹಾರ ಹಾಕುವುದಿಲ್ವಾ?

ಗುಲ್ಬರ್ಗ_ಬಿಸಿಲು

ಹಿಂದುಳಿದ ಭಾಗದ ಮಾತು ಬಂತಲ್ಲ, ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇದು ಮುಖ್ಯ. ಚೀನಾ 2001ರಲ್ಲಿ ಪಶ್ಚಿಮ ಗಣಿತ ಒಲಿಂಪಿಯಾಡ್ ಅಂತ ಶುರು ಮಾಡಿತು, ಮೊದಲ ವರ್ಷ ಶಿಯಾನ್‌ನಲ್ಲಿ. ಕರಾವಳಿಯ ಶ್ರೀಮಂತ ಪ್ರಾಂತ್ಯಗಳ ಎದುರು ಪಶ್ಚಿಮದ ಮಕ್ಕಳು ಮುಳುಗಿಹೋಗಬಾರದು ಅಂತ ಅವರದೇ ಸ್ಪರ್ಧೆ. ಎರಡು ದಿನ, ದಿನಕ್ಕೆ ನಾಲ್ಕು ಪ್ರಶ್ನೆ. 2004ರಲ್ಲಿ ಫೂಜಿಯಾನ್, ಝೇಜಿಯಾಂಗ್, ಜಿಯಾಂಗ್ಶಿ ಮೂರೂ ಪ್ರಾಂತ್ಯ ಸೇರಿ ಆಗ್ನೇಯ ಒಲಿಂಪಿಯಾಡ್ ಮಾಡಿಕೊಂಡವು. ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಮಕ್ಕಳಿಗೆ ಅಂತ ಇಂಥದ್ದೊಂದು ಯಾಕಿರಬಾರದು? ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮನ್ನು ಕೊನೆಯಲ್ಲಿ ತೋರಿಸುವುದಕ್ಕೆ ಮಾತ್ರ ನೆನಪಿಟ್ಟುಕೊಳ್ಳುತ್ತಾರೆ.

ಶಾರದಾ_ಮೇಡಂ

ಬಿಸಿಲು ಅವರೇ, ಇದನ್ನು ಬರೆದಿದ್ದಕ್ಕೆ ಧನ್ಯವಾದ. ನಮ್ಮ ಶಿಕ್ಷಕರ ಗುಂಪಿಗೂ ಹಾಕುತ್ತೇನೆ.

ಅಮೆರಿಕಾದ_ಅರಸೀಕೆರೆ

ಎಲ್ಲರೂ ಹೊಗಳುತ್ತಿದ್ದೀರಿ. ಇನ್ನೊಂದು ಮುಖವೂ ಇದೆ. ಗಣಿತದ ದೊಡ್ಡ ಪ್ರಶಸ್ತಿಯಾದ ಫೀಲ್ಡ್ಸ್ ಪದಕ ಪಡೆದ ಶಿಂಗ್-ತುಂಗ್ ಯಾವ್ ಅವರು ಒಲಿಂಪಿಯಾಡ್ ತರಬೇತಿಯನ್ನು ವರ್ಷಗಳಿಂದ ಟೀಕಿಸುತ್ತಾ ಬಂದಿದ್ದಾರೆ. ಇನ್ನೊಬ್ಬರು ಮಾಡಿಟ್ಟ ಪ್ರಶ್ನೆ ಬಿಡಿಸುವುದಕ್ಕೂ ಸಂಶೋಧನೆಗೂ ವ್ಯತ್ಯಾಸವಿದೆ ಅನ್ನುವುದು ಅವರ ವಾದ. ಅದಕ್ಕೇ 2008ರಲ್ಲಿ ಹೈಸ್ಕೂಲ್ ಮಕ್ಕಳ ಸಂಶೋಧನೆಗೆ ಬೇರೆ ಪ್ರಶಸ್ತಿ ಶುರು ಮಾಡಿದರು. 2025ರಲ್ಲಿ ಮೂರು ಆಯಾಮದ ಕಾಕೆಯಾ ಅನ್ನುವ ಹೆಸರಾಂತ ಗಣಿತ ಸಮಸ್ಯೆಗೆ ಪ್ರೂಫ್ ಬರೆದ ಇಬ್ಬರಲ್ಲಿ ವಾಂಗ್ ಹಾಂಗ್ ಒಬ್ಬರು. ಗ್ವಾಂಗ್ಶಿಯ ಗುಯಿಲಿನ್‌ನವರು. ಗಾವೊಕಾವೊ ಬರೆದು ಪೀಕಿಂಗ್ ಸೇರಿದವರು, ಅದೂ ಭೂವಿಜ್ಞಾನದ ವಿಭಾಗಕ್ಕೆ. ಆಮೇಲೆ ಗಣಿತಕ್ಕೆ ಬಂದರು.

ಕೋಡ್_ಹುಡುಗ

ಸರ್, ಒಂದು ಉದಾಹರಣೆಗೆ ಇನ್ನೊಂದು ಹೇಳಬಹುದು. ಯುನ್ ಝಿವೇ 2000ದಲ್ಲಿ ಒಲಿಂಪಿಯಾಡ್ ಚಿನ್ನ, ಈಗ ಎಂಐಟಿಯಲ್ಲಿ ಪ್ರೊಫೆಸರ್. ವೇ ಡಾಂಗ್‌ಯಿ 2008, 2009 ಎರಡೂ ವರ್ಷ ಪೂರ್ತಿ ಅಂಕ, ಪೀಕಿಂಗ್‌ನಲ್ಲಿ ಪಾಠ ಮಾಡುತ್ತಾರೆ.

ಅಮೆರಿಕಾದ_ಅರಸೀಕೆರೆ

ನಿಜ. ನಾನು ಹೇಳುವುದು ಸ್ಪರ್ಧೆ ಬೇಡ ಅಂತಲ್ಲ. ಹದಿನಾರು ವರ್ಷದ ಮಗುವಿನ ಬೇರೆಲ್ಲಾ ಓದನ್ನು ನಿಲ್ಲಿಸಿ ಇದೊಂದನ್ನೇ ಮಾಡಿಸುವುದು ಬೇಡ ಅಂತ. ಸ್ಪರ್ಧೆಯಲ್ಲಿ ಸೋತ ಮಗುವಿಗೆ ವಾಪಸ್ ಬರಲು ದಾರಿ ಇಡಬೇಕು.

ತುಮಕೂರು_ತೆಂಗು

ಅಲಿಬಾಬಾ ಕಂಪನಿಯ ಗಣಿತ ಸ್ಪರ್ಧೆ ನೆನಪಿದೆಯಾ? 2024ರಲ್ಲಿ ವೃತ್ತಿಶಿಕ್ಷಣ ಶಾಲೆಯ ಹದಿನೇಳು ವರ್ಷದ ಹುಡುಗಿ ಮೊದಲ ಸುತ್ತಿನಲ್ಲಿ 12ನೇ ಸ್ಥಾನ ಪಡೆದಳು ಅಂತ ಚೀನಾ ತುಂಬ ಸುದ್ದಿಯಾಗಿತ್ತು.

ಸೂಜೌ_ಕನ್ನಡಿಗ

ನಮ್ಮ ಜಿಯಾಂಗ್ಸುದ್ದೇ ಸುದ್ದಿ. ಆ ವರ್ಷ ನವೆಂಬರಿನಲ್ಲಿ ಸಂಘಟಕರು, ಅವಳ ಟೀಚರ್ ಮೊದಲ ಸುತ್ತಿನಲ್ಲಿ ಸಹಾಯ ಮಾಡಿದ್ದರು, ಅದು ನಿಯಮ ಉಲ್ಲಂಘನೆ ಅಂತ ಪ್ರಕಟಿಸಿದರು. ಬಹುಮಾನವೂ ಸಿಗಲಿಲ್ಲ. ಅದು ಮನೆಯಲ್ಲಿ ಕೂತು ಆನ್‌ಲೈನ್ ಬರೆಯುವ ಸುತ್ತು, ಪ್ರಾಂತ್ಯದ ಲೀಗ್ ತರಹ ಪರೀಕ್ಷಾ ಕೊಠಡಿಯಲ್ಲಿ ಬರೆಯುವುದಲ್ಲ. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಮೊದಲು ತಲೆಯ ಮೇಲೆ ಹೊತ್ತವರೇ ಆಮೇಲೆ ಆ ಮಗುವನ್ನು ಬೈದರು. ತಪ್ಪು ಮಾಡಿದ್ದು ದೊಡ್ಡವರು. ವೃತ್ತಿಶಿಕ್ಷಣದ ಮಗು ಗಣಿತದಲ್ಲಿ ಮುಂದೆ ಬಂದರೆ ಅಂತ ಅಷ್ಟೊಂದು ಜನ ಆಸೆಪಟ್ಟಿದ್ದರಲ್ಲ, ಆ ಆಸೆ ಸುಳ್ಳಲ್ಲ.

ಬಸವನಗುಡಿ_ಬಾಲು

ಇದಕ್ಕೆ ಮಾತ್ರ ನಾನೂ ಸೈ.

ಹಾಸನದ_ಅಮ್ಮ

ನಾನು ಒಬ್ಬ ತಾಯಿ, ಗಣಿತದವಳಲ್ಲ. ನನ್ನ ಮಗಳು ಇಲ್ಲಿ ಗಣಿತ ಒಲಿಂಪಿಯಾಡಿನ ಮೊದಲ ಹಂತ ಐಒಕ್ಯೂಎಂ ಬರೆದಳು, ಪ್ರಾದೇಶಿಕ ಹಂತಕ್ಕೆ ಹೋಗಲಿಲ್ಲ. ಅವಳ ಕೋಚಿಂಗಿನವರು ‘ಇದರಿಂದ ಜೆಇಇಗೆ ಉಪಯೋಗವಿಲ್ಲ, ಟೈಂ ವೇಸ್ಟ್’ ಅಂದುಬಿಟ್ಟರು. ಅವಳು ಅಳಲಿಲ್ಲ, ಆದರೆ ಆ ಪುಸ್ತಕ ಮತ್ತೆ ತೆಗೆಯಲೂ ಇಲ್ಲ. ಸೂಜೌ ಅವರೇ, ನಿಮ್ಮ ಪಕ್ಕದ ಮನೆ ಹುಡುಗ ಆಮೇಲೆ ಏನಾದ?

ಸೂಜೌ_ಕನ್ನಡಿಗ

ಅಮ್ಮ, ಅವನು ಗಾವೊಕಾವೊ ಬರೆದು ಪ್ರಾಂತ್ಯದಲ್ಲೇ ಒಂದು ಒಳ್ಳೇ ವಿಶ್ವವಿದ್ಯಾಲಯ ಸೇರಿದ. ಗಣಿತವನ್ನೇ ತಗೊಂಡ. ಅವನ ತಾಯಿಗೆ ಇನ್ನೂ ಸಮಾಧಾನವಿಲ್ಲ. ಸ್ಪರ್ಧೆ ಇಲ್ಲದಿದ್ದರೆ ಇನ್ನೂ ದೊಡ್ಡ ಹೆಸರಿನ ಕಡೆ ಸೀಟು ಸಿಗುತ್ತಿತ್ತು ಅಂತಾರೆ. ಸಿಗುತ್ತಿತ್ತೇನೋ. ಅವನನ್ನು ಕೇಳಿದರೆ ಅವನಿಗೆ ಆ ಸ್ಪರ್ಧೆಯ ಕೋಣೆಯ ಗೆಳೆಯರೇ ಈಗಲೂ ಗೆಳೆಯರು. ಶಾಲೆಯಲ್ಲಿ ತನ್ನ ಮಾತು ಅರ್ಥವಾಗುವ ಜನ ಸಿಕ್ಕಿದ್ದು ಅಲ್ಲೇ ಮೊದಲು ಅಂತ ಹೇಳಿದ. ನಿಮ್ಮ ಮಗಳಿಗೂ ಅಂಥ ಇಬ್ಬರು ಮೂವರು ಜೊತೆಗಾರರು ಸಿಕ್ಕರೆ ಪುಸ್ತಕ ತಾನಾಗೇ ಹೊರಗೆ ಬರುತ್ತೆ.

ಕುಂದಾಪುರ_ಭಟ್ರು

ಉಪಯೋಗವಿಲ್ಲ ಅನ್ನುವುದು ತಪ್ಪು ಅಕ್ಕ. ಪ್ರಾದೇಶಿಕ ಹಂತ ದಾಟಿ ರಾಷ್ಟ್ರೀಯ ಹಂತದಲ್ಲಿ ಗೆದ್ದವರಿಗೆ ಬೆಂಗಳೂರಿನ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬಿ.ಮ್ಯಾಥ್ ಕೋರ್ಸಿಗೆ ಲಿಖಿತ ಪರೀಕ್ಷೆ ಇಲ್ಲದೆ ಸಂದರ್ಶನಕ್ಕೆ ಕರೆಯುತ್ತಾರೆ. ಐಐಟಿ ಕಾನ್ಪುರ 2025ರಿಂದ ಒಲಿಂಪಿಯಾಡ್ ಮೂಲಕವೂ ಕೆಲವು ಸೀಟು ಕೊಡುತ್ತಿದೆ. ಚೀನಾ ಬಾಗಿಲು ಸಣ್ಣದು ಮಾಡುತ್ತಿರುವಾಗ ನಮ್ಮಲ್ಲಿ ಈಗ ತೆರೆಯುತ್ತಿದೆ ಮಾರಾಯ್ರೇ. ಕೋಚಿಂಗಿನವರಿಗೆ ಇದು ಗೊತ್ತಿಲ್ಲವೋ, ಹೇಳಲು ಇಷ್ಟವಿಲ್ಲವೋ.

ಕೋಲಾರದ_ಚಿನ್ನ

ಬಾಗಿಲು ತೆರೆದ ಕೂಡಲೇ ಅದಕ್ಕೂ ಕೋಚಿಂಗ್ ಶುರುವಾಗುತ್ತೆ, ಫೀಸ್ ಲಕ್ಷ ಆಗುತ್ತೆ. ಚೀನಾ ಅಂಕ, ಸೀಟು ಎಲ್ಲಾ ಕಡಿಮೆ ಮಾಡಿದ್ದಕ್ಕೆ ಇದೂ ಒಂದು ಕಾರಣ. ಬರೆದಿಟ್ಟುಕೊಳ್ಳಿ.

ದಾವಣಗೆರೆ_ಗಣಿತ

ಕೋಲಾರದವರ ಎಚ್ಚರಿಕೆ ಸರಿಯಾಗಿದೆ. ಆದರೆ ಹಾಸನದ ಅಮ್ಮನ ಮಗಳಿಗೆ ಇವತ್ತು ಬೇಕಾಗಿರುವುದು ಸೀಟು ಅಲ್ಲ, ಜೊತೆ. ನಮ್ಮ ಕಾಲೇಜಿನಲ್ಲಿ ಶನಿವಾರ ಮಧ್ಯಾಹ್ನ ಒಂದು ಗಂಟೆ ಕೋಣೆ ಕೊಡುತ್ತೇವೆ ಅಂತ ಪ್ರಿನ್ಸಿಪಾಲರು ಒಪ್ಪಿದ್ದಾರೆ. ಫೀಸ್ ಇಲ್ಲ, ಯಾವ ಕಾಲೇಜಿನ ಮಕ್ಕಳಾದರೂ ಬರಬಹುದು. ದೂರದವರಿಗೆ ಆನ್‌ಲೈನ್ ಇಡುತ್ತೇನೆ. ಚೀನಾದ ಪಶ್ಚಿಮ ಒಲಿಂಪಿಯಾಡಿನ ಪ್ರಶ್ನೆಗಳಿಂದಲೇ ಶುರು ಮಾಡೋಣ ಅಂತಿದ್ದೇನೆ. ಇಂಗ್ಲಿಷಿನಲ್ಲಿ ಎಲ್ಲಿ ಸಿಗುತ್ತವೆ?

ಕೋಡ್_ಹುಡುಗ

ಆರ್ಟ್ ಆಫ್ ಪ್ರಾಬ್ಲಂ ಸಾಲ್ವಿಂಗ್ ತಾಣದಲ್ಲಿ ವರ್ಷವಾರು ಇವೆ ಸರ್, ಬೇರೆ ಬೇರೆ ದೇಶದ ಮಕ್ಕಳು ಬರೆದ ಉತ್ತರಗಳ ಸಮೇತ. ಹುಡುಗಿಯರ ಒಲಿಂಪಿಯಾಡಿನ ಪ್ರಶ್ನೆಗಳೂ ಸಿಗುತ್ತವೆ. ಕನ್ನಡಕ್ಕೆ ಮಾಡುವುದಿದ್ದರೆ ನಾನು ಟೈಪ್ ಮಾಡಿ ಕೊಡುತ್ತೇನೆ.

ಗುಲ್ಬರ್ಗ_ಬಿಸಿಲು

ಕನ್ನಡದಲ್ಲಿ ಮಾಡಿದರೆ ನಮ್ಮ ಕಡೆಯ ನಾಲ್ಕೈದು ಸರ್ಕಾರಿ ಕಾಲೇಜಿಗೆ ನಾನು ತಲುಪಿಸುತ್ತೇನೆ. ಆನ್‌ಲೈನ್ ಲಿಂಕ್ ಇಲ್ಲೇ ಹಾಕಿ ಸರ್.

ಹಾಸನದ_ಅಮ್ಮ

ಮಗಳಿಗೆ ಈ ಚರ್ಚೆ ಓದಿಸಿದೆ. ಶನಿವಾರ ಎಷ್ಟು ಗಂಟೆಗೆ ಅಂತ ಕೇಳುತ್ತಿದ್ದಾಳೆ.